ಗಾಳಿಗೆ ಕಟ್ಟಿದ ಶಾಲು

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಬ್ಬ ಅಡುಗೆಯಾಕೆ, ಒಂದು ಹಳೆಯ ಬಿಳಿ ಕಾರು.

ಗುರುವನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು. ಸ್ವಾಮಿಯಾಗುವ ಮೊದಲು ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಇಂಜಿನ್ನುಗಳನ್ನು ಬಿಚ್ಚಿ ಬಿಚ್ಚಿ ಕೊನೆಗೆ ತಮ್ಮನ್ನೇ ಬಿಚ್ಚಿ ನೋಡಿಕೊಳ್ಳೋಣವೆಂದು ಹೊಳೆಯ ದಂಡೆಗೆ ಬಂದರಂತೆ. ಇದು ಭಕ್ತರು ಹೇಳುವ ಮಾತು. ಅಜ್ಜಯ್ಯನನ್ನೇ ಕೇಳಿದರೆ, "ಡಿಪೋದಾಗೆ ಊಟ ಸರಿ ಇರ್ಲಿಲ್ಲ ಕಣಪ್ಪ" ಅನ್ನುತ್ತಿದ್ದರು.

ಈಗ ಅವರಿಗೆ ವಯಸ್ಸಾಗಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗುಡ್ಡದ ಆಚೆಯ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ಡಾಕ್ಟರು ಮಠಕ್ಕೇ ಬಂದು, ಸಣ್ಣ ಆಪರೇಷನ್ನು, ಮಾಡಿಸಿಕೊಳ್ಳಿ ಎಂದು ಕೈಮುಗಿದು ಕೇಳಿದ್ದರು.

"ಹೊರಗೆ ನೋಡೋದು ಮುಗೀತು. ಇನ್ನು ಒಳಗೆ ನೋಡ್ಕೋಬೇಕು" ಅಂದಿದ್ದರು ಅಜ್ಜಯ್ಯ.

ಭಕ್ತರಿಗೆ ಆ ಮಾತು ಬಹಳ ಹಿಡಿಸಿತು. ಆ ವರ್ಷದ ಕ್ಯಾಲೆಂಡರಿನಲ್ಲಿ ಅದನ್ನೇ ಅಚ್ಚು ಹಾಕಿಸಿದರು. ಅಜ್ಜಯ್ಯ ಮಾತ್ರ ಆ ಕ್ಯಾಲೆಂಡರನ್ನು ಓದಲಾಗದೆ ಗೋಡೆ ತಡಕಿಕೊಂಡು ಓಡಾಡುತ್ತಿದ್ದರು.

ಶಿಷ್ಯನ ಹೆಸರು ಪಂಚಾಕ್ಷರಿ. ಮೂವತ್ತು ದಾಟಿದ ಆಸಾಮಿ. ಮನಸ್ಸು ಹಾಲಿನಂಥದು. ಏನು ಮಾಡಿದರೂ ಒಂದು ಗುಲಗಂಜಿ ಹೆಚ್ಚೇ ಮಾಡುವವನು.

ಆ ಮಠದಲ್ಲಿ ಒಂದು ನೇಮವಿತ್ತು. ಸೋಸದೆ ಏನನ್ನೂ ಬಳಸುವ ಹಾಗಿಲ್ಲ. ಹೊಳೆಯ ನೀರು, ಹಾಲು, ಮಜ್ಜಿಗೆ, ದೀಪದ ಎಣ್ಣೆ, ಎಲ್ಲವೂ ಬಟ್ಟೆಯಲ್ಲಿ ಸೋಸಿಯೇ ಒಳಗೆ ಬರಬೇಕು. ಕಣ್ಣಿಗೆ ಕಾಣದ ಹುಳವೂ ನಮ್ಮ ಕೈಯಲ್ಲಿ ಸಾಯಬಾರದು ಎಂಬುದು ಹಿಂದಿನ ಸ್ವಾಮಿಗಳ ಕಟ್ಟಪ್ಪಣೆ. ಸೋಸುವ ಸೇವೆ ಪಂಚಾಕ್ಷರಿಯದು. ಅದನ್ನು ಅವನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದನೆಂದರೆ, ಅಡುಗೆಯ ಹಾಲಮ್ಮ ಒಮ್ಮೆ, "ಸುಮ್ನಿದ್ರೆ ಈ ಮಾರಾಯ ಅಕ್ಕೀನೂ ಸೋಸ್ತಾನೆ" ಎಂದು ನಕ್ಕಿದ್ದಳು.

ಕಣ್ಣು ತೀರಾ ಮಸುಕಾಗುವ ಮೊದಲೇ ಅವನಿಗೆ ಕಾರು ಓಡಿಸಲು ಕಲಿಸಿದ್ದ ಅಜ್ಜಯ್ಯ ಒಂದು ದಿನ ಅವನ ಕೈಗೆ ಕೀಲಿಕೈ ಕೊಟ್ಟರು. ಅದರ ಜೊತೆಗೆ ತಾವು ಹೊದೆಯುತ್ತಿದ್ದ ಕಾವಿ ಶಾಲನ್ನೂ ಕೊಟ್ಟರು. ಮಗ್ಗದಲ್ಲಿ ನೇಯ್ದ ದಪ್ಪ ಹತ್ತಿಯ ಶಾಲು.

"ಇನ್ಮೇಲೆ ಕಾರು ನಿಂದು. ಈ ಶಾಲು ಇಟ್ಕೋ, ಬೆಳಗ್ಗೆ ಚಳಿಗಾಗ್ತೈತೆ."

ಪಂಚಾಕ್ಷರಿ ಶಾಲನ್ನು ಕಣ್ಣಿಗೊತ್ತಿಕೊಂಡ. ಹೊದೆಯಲಿಲ್ಲ. ಗುರು ಹೊದ್ದದ್ದನ್ನು ತಾನು ಹೊದೆಯುವುದೇ? ಮಡಚಿ ದೇವರ ಗೂಡಿನಲ್ಲಿಟ್ಟ. ಬೆಳಗ್ಗೆ ಚಳಿಗೆ ನಡುಗಿದ.

ಊರಿನ ರಸ್ತೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ರಸ್ತೆ. ಮೊಣಕಾಲುದ್ದ ಧೂಳು. ಒಂದು ದಿನ ಪಂಚಾಕ್ಷರಿ ಬಾನೆಟ್ ಎತ್ತಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ದುಂಡು ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಒಳಗೆ ಕಾಗದದ ಒಂದು ಜರಡಿ. ಅಷ್ಟೇ.

ನೀರಿಗೆ ಎರಡು ಪದರ ಬಟ್ಟೆ, ಹಾಲಿಗೆ ಎರಡು ಪದರ, ಪಾಪ, ಈ ಗಾಳಿಗೆ ಒಂದು ಕಾಗದವೇ?

ಅವನು ದೇವರ ಗೂಡಿನಿಂದ ಶಾಲು ತಂದ. ಜರಡಿಯ ಸುತ್ತ ಬಿಗಿಯಾಗಿ ಸುತ್ತಿದ, ಕಟ್ಟಿದ, ಮುಚ್ಚಳ ಹಾಕಿದ. ಗಾಳಿ ಸೋಸಿದ ಹಾಗೂ ಆಯಿತು, ಕಾರಿಗೆ ಗುರುವಿನ ರಕ್ಷೆ ಕಟ್ಟಿದ ಹಾಗೂ ಆಯಿತು. ಯಾರಿಗೂ ಹೇಳಲಿಲ್ಲ. ಹೇಳಿಕೊಂಡರೆ ಸೇವೆಯ ಪುಣ್ಯ ಸೋರಿಹೋಗುತ್ತದೆ ಎಂಬುದು ಅವನ ನಂಬಿಕೆ.

ಕಾರು ಕಪ್ಪು ಹೊಗೆ ಬಿಡಲು ಶುರು ಮಾಡಿತು.

ಅಜ್ಜಯ್ಯ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಹೊಗೆ ಕಾಣದಿದ್ದರೂ ಮೂಗು ಚುರುಕಾಗಿತ್ತು.

"ಪಂಚಾಕ್ಷರಿ, ಪೆಟ್ರೋಲು ವಾಸನೆ ಹೊಡೀತೈತಲ್ಲೋ."

"ಹೌದು ಬುದ್ಧಿ. ಹೊಗೇನೂ ಬರ್ತೈತೆ. ಎಳೆಯೋದೂ ಇಲ್ಲ, ಮುಕ್ಕರೀತೈತೆ."

"ಪ್ಲಗ್ ಬಿಚ್ಚಿ ತಾ."

ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗೊಂದನ್ನು ಬಿಚ್ಚಿ ತಂದ. ಅಜ್ಜಯ್ಯ ಅದನ್ನು ಬೆರಳಿನಿಂದ ಸವರಿದರು. ಬೆರಳಿಗೆ ಮಸಿ ಹತ್ತಿತು.

"ಬಣ್ಣ ಹೇಳು."

"ತವೆಯ ತಳದಂಗೆ ಕಪ್ಪು, ಬುದ್ಧಿ."

"ಕಾರ್ಬುರೇಟರು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸ್ತೈತೆ. ಹದವಾಗಿ ಬೆರೆಸಿದ್ರೆ ಪ್ಲಗ್ಗು ಹಾಲಮ್ಮನ ರೊಟ್ಟಿ ಬಣ್ಣ ಇರ್ತೈತೆ. ಪೆಟ್ರೋಲು ಮಿಕ್ಕಿದ್ರೆ ಕಪ್ಪು. ಗಾಳಿ ಮಿಕ್ಕಿದ್ರೆ ಬಿಳಿಚಿಕೊಳ್ತೈತೆ. ಈಗ ಹೇಳು, ಏನಾಗೈತೆ?"

"ಪೆಟ್ರೋಲು ಜಾಸ್ತಿ ಆಗೈತೆ."

"ಜಾಸ್ತಿ ಅಂದ್ರೆ ಯಾವುದಕ್ಕಿಂತ?"

ಪಂಚಾಕ್ಷರಿ ತಲೆ ಕೆರೆದುಕೊಂಡ.

"ಎಷ್ಟಿರಬೇಕೋ ಅದಕ್ಕಿಂತ, ಬುದ್ಧಿ."

ಅಜ್ಜಯ್ಯ ಪ್ಲಗ್ಗನ್ನು ಅವನ ಕೈಗೆ ವಾಪಸು ಕೊಟ್ಟರು.

ಕಾರ್ಬುರೇಟರಿನ ಕೆಳಗೆ ಒಂದು ನಟ್ಟು ಇರುತ್ತದೆ. ಮೇಲಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆ ಬರುತ್ತದೆ, ಕೆಳಕ್ಕೆ ತಿರುಗಿಸಿದರೆ ಹೆಚ್ಚು. ಪಂಚಾಕ್ಷರಿ ಅದನ್ನು ಮೇಲಕ್ಕೆ ತಿರುಗಿಸಿದ. ಹೊಗೆ ನಿಂತಿತು. ಕಾರು ತಕ್ಕಮಟ್ಟಿಗೆ ಓಡಿತು.

"ಸರಿಯಾತು ಬುದ್ಧಿ!"

"ಏನು ಸರಿ ಮಾಡಿದೆ?"

"ಪೆಟ್ರೋಲು ಕಮ್ಮಿ ಮಾಡಿದೆ."

"ಅದನ್ನ ಜಾಸ್ತಿ ಮಾಡಿದ್ದು ಯಾರು?"

"ಗೊತ್ತಿಲ್ಲ ಬುದ್ಧಿ."

"ಹಂಗಾದ್ರೆ ಸರಿಯಾಗಿಲ್ಲ."

ಪಂಚಾಕ್ಷರಿಗೆ ಇದು ಅಧ್ಯಾತ್ಮದ ಮಾತಿನ ಹಾಗೆ ಕೇಳಿಸಿತು. ತಲೆದೂಗಿ ಹೋದ.

ಅದೇ ಹೊತ್ತಿಗೆ ಹಾಲಮ್ಮನ ಮಗಳು ಕೊಟ್ರಮ್ಮ ಚೊಚ್ಚಲ ಹೆರಿಗೆಗೆ ತಾಯಿಯ ಹತ್ತಿರ ಬಂದಳು. ತಾಯಿಗೆ ಮನೆಯೆಂದರೆ ಮಠದ ಹಿಂದಿನ ಎರಡು ಕೋಣೆ. ತುಂಬಿದ ಬಸುರಿ ನಿಧಾನವಾಗಿ ನಡೆದು ಬಂದು ಅಜ್ಜಯ್ಯನ ಕಾಲಿಗೆ ಬೀಳಲು ಹೋದಳು.

"ಬಗ್ಗಬೇಡ ತಾಯಿ, ಬಗ್ಗಬೇಡ! ಅಲ್ಲಿಂದ್ಲೇ ಕೈಮುಗಿ" ಎಂದು ಅಜ್ಜಯ್ಯ ಗಾಬರಿಯಾದರು.

ಆಸ್ಪತ್ರೆ ಇರುವುದು ಗುಡ್ಡದ ಆಚೆ. ನಡುವೆ ಕರಡಿ ಏರು. ಗೋಡೆಯ ಹಾಗೆ ನೆಟ್ಟಗೆ ನಿಂತ ಏರು ಅದು. ಹಿಂದೊಮ್ಮೆ ಕರೆಸಿದ ಆಂಬುಲೆನ್ಸು ಆಚೆಯಿಂದ ಏರು ಹತ್ತಿ ಇಳಿದು ಬರುವಷ್ಟರಲ್ಲಿ ಒಬ್ಬಾಕೆಗೆ ರಸ್ತೆಯ ಮಗ್ಗುಲಲ್ಲೇ ಹೆರಿಗೆಯಾಗಿತ್ತು. ಆ ಮಗು ಉಳಿಯಲಿಲ್ಲ. ಅಂದಿನಿಂದ ಊರಿನ ಬಸುರಿಯರೆಲ್ಲ ನಂಬಿಕೊಂಡಿದ್ದು ಮಠದ ಕಾರನ್ನು.

"ಏರು ಹತ್ತತೈತೇನಪ್ಪ ನಿನ್ನ ಕಾರು?" ಎಂದು ಹಾಲಮ್ಮ ಪಂಚಾಕ್ಷರಿಯನ್ನು ಕೇಳಿದಳು.

"ಹತ್ತತೈತೆ ಹಾಲಮ್ಮ. ಅಜ್ಜಯ್ಯನ ಆಶೀರ್ವಾದ ಐತೆ."

"ಆಶೀರ್ವಾದ ಇರ್ಲಿ. ಕಾರು ಹತ್ತತೈತಾ?"

ಸೋಮವಾರ ಬಂತು. ಮಠದಲ್ಲಿ ಸೋಸುವ ಬಟ್ಟೆಗಳನ್ನೆಲ್ಲ ಒಗೆಯುವುದು ಸೋಮವಾರ. ನೀರಿನದು, ಹಾಲಿನದು, ಎಣ್ಣೆಯದು. ಪಂಚಾಕ್ಷರಿ ನೇಮ ತಪ್ಪದೆ ಗಾಳಿಯದನ್ನೂ ಬಿಚ್ಚಿ ಹೊಳೆಯಲ್ಲಿ ಒಗೆದು ಹಗ್ಗದ ಮೇಲೆ ಹರವಿದ.

ಹಾಲಮ್ಮ ದಿನಸಿ ತರಲು ಕಾರು ಹತ್ತಿದಳು. ಊರ ಬಾಗಿಲು ದಾಟುವಷ್ಟರಲ್ಲಿ ಕಾರು ಪಟ್ ಪಟ್ ಎಂದು ಸಿಡಿಯಿತು. ಕರಡಿ ಏರಿನ ಬುಡದಲ್ಲಿ ನಡುಗಿ ನಿಂತಿತು. ರೇಡಿಯೇಟರು ಕೊತಕೊತ ಕುದಿಯುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿಗೆ ಕಟ್ಟಿ ಮಠಕ್ಕೆ ಎಳೆಸಿಕೊಂಡು ಬಂದರು.

ಹಾಲಮ್ಮ ಇಳಿದವಳೇ ಬರಿಯ ಚೀಲವನ್ನು ಕಟ್ಟೆಯ ಮೇಲೆ ಎಸೆದಳು. ಅವಳಿಗೆ ಅಳು ಬಂದಿತ್ತು.

ಪಂಚಾಕ್ಷರಿ ಪ್ಲಗ್ ಬಿಚ್ಚಿದ.

"ಬಣ್ಣ ಹೇಳು" ಅಂದರು ಅಜ್ಜಯ್ಯ.

"ಬಿಳಿ, ಬುದ್ಧಿ. ವಿಭೂತಿ ಹಂಗೆ ಬಿಳಿ."

"ಏನಾಗೈತೆ?"

"ಪೆಟ್ರೋಲು ಕಮ್ಮಿ ಆಗೈತೆ."

"ಕಮ್ಮಿ ಅಂದ್ರೆ ಯಾವುದಕ್ಕಿಂತ?"

ಪಂಚಾಕ್ಷರಿ ಈ ಸಲವೂ ತಲೆ ಕೆರೆದುಕೊಂಡ.

ಅಜ್ಜಯ್ಯ ಎದ್ದರು. "ಪ್ಲಗ್ ಹಾಕು. ಗಾಳಿ ಡಬ್ಬಿ ಬಿಚ್ಚಿ ಕೆಳಗಿಡು. ಗಾಡಿ ಶುರು ಮಾಡಿ, ನನ್ನ ಕೈಯಿ ಕಾರ್ಬುರೇಟರಿನ ಬಾಯಿ ಹತ್ರ ಹಿಡಿ."

ಇಂಜಿನ್ನು ಕುಂಟುತ್ತಾ, ಸಿಡಿಯುತ್ತಾ ತಿರುಗಿತು. ಅಜ್ಜಯ್ಯ ಅಂಗೈಯನ್ನು ಕಾರ್ಬುರೇಟರಿನ ಬಾಯಿಗೆ ಅರ್ಧ ಅಡ್ಡ ಹಿಡಿದರು. ಸಿಡಿತ ನಿಂತಿತು. ಇಂಜಿನ್ನು ಹಾಡಿಕೊಳ್ಳುವ ಹಾಗೆ ಒಂದೇ ಸಮನೆ ತಿರುಗಿತು. ಕೈ ತೆಗೆದರು. ಮತ್ತೆ ಕುಂಟಿತು.

"ಬಾಯಿ ಅರ್ಧ ಮುಚ್ಚಿದ್ರೆ ನೆಟ್ಟಗಾತು. ಅಂದ್ರೆ?"

"ಗಾಳಿ ಜಾಸ್ತಿ ಐತೆ ಬುದ್ಧಿ."

"ಹೋದ ವಾರ?"

ಪಂಚಾಕ್ಷರಿ ಯೋಚಿಸಿದ. "ಹೋದ ವಾರ... ಗಾಳಿ ಕಮ್ಮಿ ಇತ್ತೇನೋ."

"ಹೋದ ವಾರ ಗಾಳಿ ಕಳೆದೋನು ಯಾರು? ಈ ವಾರ ಕೂಡಿಸಿದೋನು ಯಾರು?"

"ಗಾಳಿ ದೇವರದಲ್ವೇ ಬುದ್ಧಿ?"

ಅಜ್ಜಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಅವರ ಮೂಗಿನ ಮುಂದೆಯೇ, ಹಗ್ಗದ ಮೇಲೆ, ಹಾಲಿನ ಬಟ್ಟೆಗೂ ಎಣ್ಣೆಯ ಬಟ್ಟೆಗೂ ನಡುವೆ ಕಾವಿ ಶಾಲು ಒಣಗುತ್ತಿತ್ತು. ಅಜ್ಜಯ್ಯನ ಕಣ್ಣಿಗೆ ಅದು ಬರೀ ಒಂದು ಕೆಂಪು ಮಸುಕು. ಪಂಚಾಕ್ಷರಿಯ ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಅವನಿಗೆ ಅದು ಸೇವೆಯಾಗಿ ಕಾಣುತ್ತಿತ್ತೇ ಹೊರತು ಬಟ್ಟೆಯಾಗಿ ಕಾಣುತ್ತಿರಲಿಲ್ಲ.

"ನಟ್ಟು ಮೊದ್ಲು ಎಲ್ಲಿತ್ತೋ ಅಲ್ಲಿಗೇ ತಿರುಗಿಸಿಡು" ಅಂದರು ಅಜ್ಜಯ್ಯ.

ತಿರುಗಿಸಿದ. ಕಾರು ಚೆನ್ನಾಗಿ ಓಡಿತು. ಪಂಚಾಕ್ಷರಿಯ ಮುಖ ಅರಳಿತು. ಸಂಜೆಗೆ ಒಣಗಿದ ಶಾಲನ್ನು ಭಕ್ತಿಯಿಂದ ಮತ್ತೆ ಸುತ್ತಿ ಕಟ್ಟಿದ.

ಮರುದಿನ ಕಾರು ಮತ್ತೆ ಕಪ್ಪು ಹೊಗೆ ಬಿಟ್ಟಿತು.

ಈಗ ಅವನಿಗೆ ನಿಜಕ್ಕೂ ದಿಗಿಲಾಯಿತು. ಸ್ಪ್ಯಾನರ್ ಹಿಡಿದು ಓಡಿ ಬಂದ.

"ಬುದ್ಧಿ, ಮತ್ತೆ ಕಪ್ಪು! ಇದರ ಮೇಲೆ ಯಾರದ್ದೋ ಕಣ್ಣು ಬಿದ್ದೈತೆ. ನಟ್ಟು ಮತ್ತೆ ಮೇಲಕ್ಕೆ ತಿರುಗಿಸ್ಲಾ?"

"ಮುಟ್ಟಬೇಡ. ನಟ್ಟು ಅದರ ಜಾಗದಾಗೆ ಐತೆ. ತಪ್ಪು ಅದರದ್ದಲ್ಲ."

"ಮತ್ಯಾರದ್ದು?"

"ಗಾಳಿ ಬರೋ ದಾರಿ ನೋಡಿದೆಯಾ?"

"ಅದನ್ನ ನೋಡೋದೇ ಬೇಡ ಬುದ್ಧಿ. ಅದಕ್ಕೆ ನಾನು ಚೆನ್ನಾಗಿ ವ್ಯವಸ್ಥೆ ಮಾಡೀನಿ."

ಅಜ್ಜಯ್ಯನ ಹುಬ್ಬು ಏರಿತು.

"ಆ ಕೊಡ ತಗೋ" ಅಂದರು. "ಹೆಗಲ ಮೇಲಿನ ಟವೆಲ್ ಐತಲ್ಲ, ಅದನ್ನ ಎರಡು ಪದರ ಮಾಡಿ ಮೂಗು ಬಾಯಿ ಮುಚ್ಚಿ ಬಿಗಿಯಾಗಿ ಕಟ್ಕೋ. ಕೊಡ ತುಂಬ್ಕೊಂಡು ಹೊಳೆ ಮೆಟ್ಟಿಲು ಹತ್ತಿ ಬಾ. ಏನನಿಸ್ತೈತೋ ಬಂದು ಹೇಳು."

ಪಂಚಾಕ್ಷರಿ ಹೋದ. ಮೇಲೆ ಬರುವಷ್ಟರಲ್ಲಿ ಮುಖ ಕೆಂಪಗಾಗಿತ್ತು, ಏದುಸಿರು ಬಿಡುತ್ತಿದ್ದ, ಕೊಡದ ನೀರು ಅರ್ಧ ಚೆಲ್ಲಿತ್ತು. ಟವೆಲ್ ಬಿಚ್ಚಿ ಅಜ್ಜಯ್ಯನ ಮುಂದೆ ಕುಸಿದು ಕೂತ.

"ಏನನಿಸ್ತು?"

ಪಂಚಾಕ್ಷರಿಯ ಕಣ್ಣಲ್ಲಿ ಹನಿಯಿತ್ತು. "ತಿಳೀತು ಬುದ್ಧಿ."

"ತಿಳೀತಾ?" ಅಜ್ಜಯ್ಯ ಮುಂದಕ್ಕೆ ಬಾಗಿದರು.

"ತಿಳೀತು. ತಾವು ನನಗೆ ಪ್ರಾಣಾಯಾಮದ ದೀಕ್ಷೆ ಕೊಟ್ರಿ."

ಅಜ್ಜಯ್ಯ ಹಣೆ ಚಚ್ಚಿಕೊಂಡರು.

ಮರುದಿನದಿಂದ ಪಂಚಾಕ್ಷರಿ ಮೂಗಿಗೆ ಟವೆಲ್ ಕಟ್ಟಿಕೊಂಡೇ ನೀರು ಹೊತ್ತ. ಯಾರೂ ಹೇಳದೆಯೇ ಒಂದು ಪದರ ಹೆಚ್ಚೂ ಮಾಡಿಕೊಂಡ.

ಹಾಲಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅಜ್ಜಯ್ಯನ ಮುಂದೆ ನಿಂತಳು.

"ಬುದ್ಧಿ, ನಿಮ್ಮ ಪಾಠ ನಿಮಗೆ. ನನಗೆ ಮಗಳು ಒಬ್ಬಳೇ. ಆ ಏರು ನೆನೆಸ್ಕೊಂಡ್ರೆ ನನಗೆ ಅನ್ನ ಇಳಿಯಲ್ಲ. ನೀವೇ ಒಂದು ಕೈ ಹಾಕಿ ಸರಿ ಮಾಡಬಾರ್ದಾ?"

"ಹೆರಿಗೆಗೆ ಇನ್ನೂ ಎಷ್ಟು ದಿನ ಐತೆ, ಹಾಲಮ್ಮ?"

"ಹದಿನೈದು ದಿನ ಅಂದಾರೆ ಡಾಕ್ಟರಮ್ಮ."

"ನಾನು ಸರಿ ಮಾಡಿದ್ರೆ ಈ ಸಲ ಏರು ಹತ್ತತೈತೆ. ನಾನು ಹೋದ್ಮೇಲೆ ಯಾರು ಹತ್ತಿಸ್ತಾರೆ? ಅವನಿಗೆ ಸೋಮವಾರದ ತನಕ ಬಿಡು. ಅಷ್ಟರೊಳಗೆ ಹೊಳೀಲಿಲ್ಲ ಅಂದ್ರೆ ನಾನೇ ಬಾನೆಟ್ಟಿಗೆ ಕೈ ಹಾಕ್ತೀನಿ. ಮಾತು ಕೊಟ್ಟೆ."

ಹಾಲಮ್ಮ ಗೊಣಗುತ್ತಾ ಹೋದಳು. ಅವಳು ಗೊಣಗಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಮಗು ಸೋಮವಾರದ ತನಕ ಕಾಯಲಿಲ್ಲ.

ಶನಿವಾರ ಬೆಳಗ್ಗೆ, ರೊಟ್ಟಿ ತಟ್ಟುವ ಹೊತ್ತಿನಲ್ಲಿ, ಕೊಟ್ರಮ್ಮನಿಗೆ ನೋವು ಶುರುವಾಯಿತು. ಹಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಂಚಾಕ್ಷರಿ ಕಾರು ತೆಗೆದ. ತಾಯಿ ಮಗಳು ಹಿಂದೆ ಕೂತರು. ಅಜ್ಜಯ್ಯ ಬಾಗಿಲು ತಡಕಿ ಮುಂದೆ ಕೂತರು.

"ತಾವ್ಯಾಕೆ ಬುದ್ಧಿ?"

"ಮಾತು ಕೊಟ್ಟೀನಲ್ಲ. ನಡಿ."

ಬಯಲಿನಲ್ಲಿ ಕಾರು ಹೇಗೋ ಓಡಿತು. ಕರಡಿ ಏರು ಶುರುವಾದದ್ದೇ ಅದಕ್ಕೆ ಉಬ್ಬಸ ಹತ್ತಿತು. ಹಿಂದೆ ಕಪ್ಪು ಹೊಗೆ ಮೋಡದಂತೆ ಎದ್ದಿತು. ಪಂಚಾಕ್ಷರಿ ಆಕ್ಸಲರೇಟರ್ ತುಳಿದಷ್ಟೂ ಇಂಜಿನ್ನು ಮುಕ್ಕರಿಯಿತು. ಅರ್ಧ ಏರಿನಲ್ಲಿ ಒಮ್ಮೆ ಜಗ್ಗಿ ನಿಂತೇಹೋಯಿತು.

ಕೊಟ್ರಮ್ಮ, "ಅವ್ವಾ" ಎಂದು ಚೀರಿದಳು.

ಪಂಚಾಕ್ಷರಿ ಹ್ಯಾಂಡ್ ಬ್ರೇಕ್ ಎಳೆದ. ಮತ್ತೆ ಮತ್ತೆ ಕೀಲಿ ತಿರುಗಿಸಿದ. ಇಂಜಿನ್ನು ಶುರುವಾಗಲಿಲ್ಲ.

"ಸಾಕು ನಿಲ್ಲಿಸು, ಬ್ಯಾಟರಿ ಕೂರ್ತೈತೆ" ಅಂದರು ಅಜ್ಜಯ್ಯ. "ಇಳಿ. ಚಕ್ರಕ್ಕೆ ಕಲ್ಲು ಕೊಡು. ಬಾನೆಟ್ ಎತ್ತು."

ಎತ್ತಿದ. ಅಜ್ಜಯ್ಯ ಇಳಿದು ಇಂಜಿನ್ನಿನ ಬಿಸಿಯ ಜಾಡು ಹಿಡಿದು ಹತ್ತಿರ ಬಂದರು.

"ಗಾಳಿ ಡಬ್ಬಿ ಮುಚ್ಚಳ ತೆಗಿ."

ಪಂಚಾಕ್ಷರಿಯ ಕೈ ಅಲ್ಲೇ ನಿಂತಿತು.

"ಅದರಾಗೆ ಏನೂ ಇಲ್ಲ ಬುದ್ಧಿ."

"ಏನೂ ಇಲ್ದಿದ್ರೆ ತೆಗೆಯೋಕೆ ಏನು ತೊಂದ್ರೆ?"

"ಅದು... ಅದನ್ನ ನಾನೇ ಕಟ್ಟೀನಿ ಬುದ್ಧಿ. ಒಳ್ಳೇದಕ್ಕೇ ಕಟ್ಟೀನಿ."

"ತೆಗಿ."

ತೆಗೆದ. ಒಳಗೆ ಕಾವಿ ಶಾಲು. ಧೂಳು ಹಿಡಿದು ಮಣ್ಣಿನ ಮುದ್ದೆಯಂತೆ ಗಟ್ಟಿಯಾಗಿತ್ತು. ಸೊಳ್ಳೆಯಿರಲಿ, ಗಾಳಿಯೂ ತೂರುವ ಹಾಗಿರಲಿಲ್ಲ.

ಪಂಚಾಕ್ಷರಿ ಅದನ್ನು ನೋಡಿದ. ಮೆಟ್ಟಿಲು ಹತ್ತುವಾಗ ಮೂಗಿಗೆ ಕಟ್ಟಿದ ಟವೆಲ್ ನೆನಪಾಯಿತು.

ಅಜ್ಜಯ್ಯ ಕೈ ಚಾಚಿದರು. ಶಾಲು ಬಿಚ್ಚಿ ಅವರ ಕೈಗೆ ಕೊಟ್ಟ. ಅವರು ಅಂಚನ್ನು ಬೆರಳಲ್ಲಿ ಸವರಿ ನೋಡಿದರು.

"ಇದು ನಂದಲ್ವೇನೋ?"

"ತಮ್ದೇ ಬುದ್ಧಿ."

"ಹಂಗಾದ್ರೆ ತಪ್ಪಿನಾಗೆ ನನ್ನದೂ ಪಾಲೈತೆ. ಪ್ಲಗ್ ಬಿಚ್ಚು, ಪೆಟ್ರೋಲಿನಾಗೆ ನೆಂದಿರ್ತಾವೆ."

ಬಿಚ್ಚಿದ. ಕಪ್ಪಗೆ, ಒದ್ದೆಯಾಗಿ, ಸುಡುತ್ತಿದ್ದವು. ಅಜ್ಜಯ್ಯ ಶಾಲಿನಲ್ಲೇ ಮೊದಲನೆಯದನ್ನು ಹಿಡಿದು ಮಸಿ ಒರೆಸಿದರು. ಉಳಿದವನ್ನೂ ಶಾಲನ್ನೂ ಶಿಷ್ಯನ ಕಡೆ ಚಾಚಿದರು.

"ಒರೆಸು."

"ಬುದ್ಧಿ, ಇದು ಪ್ರಸಾದ..."

ಹಾಲಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನನ್ನ ಮಗಳು ಇಲ್ಲಿ ಜೀವ ಹಿಡ್ಕೊಂಡು ಕೂತಾಳೆ, ಪ್ರಸಾದ ಅಂತೆ ಪ್ರಸಾದ! ಒರೆಸ್ತೀಯೋ, ನಾನು ಇಳಿದು ಬರಲೋ?"

ಪಂಚಾಕ್ಷರಿ ಒರೆಸಿದ. ಗುರುವಿನ ಶಾಲಿನಿಂದ ಮಸಿ ಒರೆಸಿದ. ಒರೆಸುತ್ತಾ ಅತ್ತ. ಪ್ಲಗ್ಗುಗಳು ಹೊಳೆದವು.

ಎಲ್ಲ ಹಾಕಿ, ಶಾಲಿಲ್ಲದ ಡಬ್ಬಿಗೆ ಮುಚ್ಚಳ ಮುಚ್ಚಿ, ಕೀಲಿ ತಿರುಗಿಸಿದ. ಇಂಜಿನ್ನು ಎರಡು ಸಲ ಕೆಮ್ಮಿತು. ಒಂದು ದೊಡ್ಡ ಕಪ್ಪು ಉಸಿರು ಹೊರಗೆ ಹಾಕಿತು. ಆಮೇಲೆ ಹಗುರವಾಗಿ, ಒಂದೇ ಸಮನೆ ತಿರುಗತೊಡಗಿತು.

ಕಾರು ಕರಡಿ ಏರನ್ನು ಹತ್ತಿತು. ಎಲ್ಲಿಯೂ ನಿಲ್ಲಲಿಲ್ಲ. ಏರಿನ ತುದಿಯಲ್ಲಿ ಹಾಲಮ್ಮ ಪಂಚಾಕ್ಷರಿಯ ತಲೆಯ ಮೇಲೆ ಹಿಟ್ಟಿನ ಕೈಯಿಟ್ಟಳು. ಅವನ ಕೂದಲೆಲ್ಲ ಬೆಳ್ಳಗಾಯಿತು.

ಮಧ್ಯಾಹ್ನಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ.

ಕೆಲವು ದಿನ ಕಳೆದು ತಾಯಿ ಮಗುವನ್ನು ಅದೇ ಕಾರಿನಲ್ಲಿ ಮಠಕ್ಕೆ ಕರೆತಂದರು. ಏರನ್ನು ಹತ್ತಿದ ಹಾಗೆ ಇಳಿಯುವುದೂ ಸಲೀಸಾಗಿತ್ತು. ಮರುದಿನ ಬೆಳಗ್ಗೆ ಪಂಚಾಕ್ಷರಿ ಪ್ಲಗ್ ಒಂದನ್ನು ಬಿಚ್ಚಿ ಬೇವಿನ ಕಟ್ಟೆಗೆ ತಂದ. ಚಳಿಯಿತ್ತು. ಅವನು ಶಾಲು ಹೊದ್ದಿದ್ದ. ಎಷ್ಟು ಒಗೆದರೂ ಅದರ ಮಸಿಯ ಕಲೆ ಹೋಗಿರಲಿಲ್ಲ.

"ಬಣ್ಣ ಹೇಳು."

"ಹದವಾಗಿ ಬೆಂದ ರೊಟ್ಟಿ, ಬುದ್ಧಿ."

"ಜಾಸ್ತಿ ಕಮ್ಮಿ ಏನಾದ್ರೂ ಐತೇನು?"

"ಒಂದಕ್ಕೊಂದು ಸರಿ ಐತೆ."

ಅಜ್ಜಯ್ಯನಿಗೆ ಖುಷಿಯಾಯಿತು.

"ಬುದ್ಧಿ, ನಟ್ಟು ನೋಡಿದೆ, ಪ್ಲಗ್ ನೋಡಿದೆ, ಪೆಟ್ರೋಲು ನೋಡಿದೆ. ಕಂಡೋರ ದೃಷ್ಟಿ ಬಿದ್ದೈತೆ ಅಂತ ಲಿಂಬೆಹಣ್ಣೂ ನಿವಾಳಿಸಿದೆ. ಆ ಶಾಲೊಂದನ್ನ ನೋಡ್ಲಿಲ್ಲ. ಮುಂದಿನ ಸಲ ಕೆಟ್ರೆ ಎಲ್ಲಿಂದ ನೋಡ್ತಾ ಬರಲಿ?"

"ಯಾವುದನ್ನ ಬಿಚ್ಚೋಕೆ ನಿನಗೆ ಮನಸ್ಸು ಬರಲ್ವೋ, ಮೊದ್ಲು ಅದನ್ನ ಬಿಚ್ಚು."

ಪಂಚಾಕ್ಷರಿ ಆ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡ.

ಹಾಲಮ್ಮ ಎಣ್ಣೆ ನೀರು ಹಾಕಿದ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಅಜ್ಜಯ್ಯನ ತೊಡೆಯ ಮೇಲಿಟ್ಟಳು. ಅಜ್ಜಯ್ಯನ ಮುಖವೆಲ್ಲ ನಗುವಾಯಿತು. ಮಗುವಿನ ಕೆನ್ನೆ ಸವರಿದರು, ಅಂಗಾಲು ಸವರಿದರು.

"ಬೆಚ್ಚಗೆ ಅದಾಳೆ."

"ಬೆಚ್ಚಗೆ ಇರೋದು ನನಗೂ ಗೊತ್ತು" ಅಂದಳು ಹಾಲಮ್ಮ. "ಯಾರ ಹಂಗದಾಳೆ ಹೇಳಿ ಬುದ್ಧಿ. ಅವರಮ್ಮನ ಹಂಗೋ, ನನ್ನ ಹಂಗೋ?"

ಅಜ್ಜಯ್ಯ ಮಗುವನ್ನು ಮುಖದ ಹತ್ತಿರ ತಂದುಕೊಂಡರು. ಇನ್ನೂ ಹತ್ತಿರ ತಂದರು. ಮೂಗಿಗೆ ಮೂಗು ತಾಗಿತು. ಮಗು ಸೀನಿತು.

ಅವರಿಗೆ ಕಂಡದ್ದು ಬರೀ ಒಂದು ಬಿಳಿ ಮಸುಕು.

ಪಂಚಾಕ್ಷರಿ ಶಾಲನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡ. ಗುರುವಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ.

"ಬುದ್ಧಿ, ಒಂದು ಮಾತು."

"ಹೇಳು."

"ತಮ್ಮ ಕಣ್ಣು ಕಾಣ್ತಿದ್ರೆ, ಆ ಸೋಮವಾರ ಹಗ್ಗದ ಮೇಲಿದ್ದ ಶಾಲು ತಮಗೆ ಕಾಣ್ತಿತ್ತು. ಕೊಟ್ರಮ್ಮ ಏರಿನಾಗೆ ಕೂಗೋದು ತಪ್ತಿತ್ತು."

ಹಾಲಮ್ಮ ಉಸಿರು ಬಿಗಿಹಿಡಿದಳು.

"ಹೊರಗೆ ನೋಡೋದು ಮುಗೀ..." ಎಂದು ಶುರು ಮಾಡಿದ ಅಜ್ಜಯ್ಯ ಅರ್ಧಕ್ಕೇ ನಿಲ್ಲಿಸಿದರು. ಕ್ಯಾಲೆಂಡರಿನ ಮಾತು ಬಾಯಲ್ಲೇ ಉಳಿಯಿತು.

ಬೇವಿನ ಒಂದು ಎಲೆ ಮಗುವಿನ ಮೇಲೆ ಬಿತ್ತು. ಅಜ್ಜಯ್ಯನಿಗೆ ಅದು ಕಾಣಲಿಲ್ಲ. ಪಂಚಾಕ್ಷರಿ ತೆಗೆದು ಹಾಕಿದ.

"ಕಣ್ಣಿಗೆ ಕತ್ತರಿ ಹಾಕ್ತಾರಂತೆ ಕಣೋ" ಅಂದರು ಅಜ್ಜಯ್ಯ. ದನಿ ಸಣ್ಣದಾಗಿತ್ತು. "ನನಗೆ ಹೆದರಿಕೆ. ಮೊದ್ಲಿಂದಾನೂ ಅಷ್ಟೇ, ಬರೀ ಹೆದರಿಕೆ."

"ಗೊತ್ತಿತ್ತು ಬುದ್ಧಿ" ಎಂದು ಹಾಲಮ್ಮ ಮೆಲ್ಲಗೆ ಹೇಳಿ ಮಗುವನ್ನು ಎತ್ತಿಕೊಂಡಳು.

ಅಜ್ಜಯ್ಯ ಕಟ್ಟೆಯ ಅಂಚನ್ನು ಹಿಡಿದು ಎದ್ದು ನಿಂತರು. ಕೈ ಚಾಚಿ ಶಿಷ್ಯನ ಹೆಗಲು ಹುಡುಕಿದರು. ಮಸಿಯ ಕಲೆಯ ಶಾಲು ಕೈಗೆ ಸಿಕ್ಕಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ಕಾರು ತೆಗಿ, ಪಂಚಾಕ್ಷರಿ. ಏರು ಹತ್ತೋ ತನಕ ನಾನು ಏನು ಹೇಳಿದ್ರೂ ಕೇಳಬೇಡ."